ಗ್ಯಾಸ್ ಹೋಗಿದೆ ಅನ್ನುವ ಮುಂಚೆ

ಕಾಸು ಹಾಕಿದರೆ ತಣ್ಣನೆ ಬಾಟಲಿ ಕೊಡುವ ಹಳೇ ಸೋಡಾ ಮಷಿನ್ ತಣ್ಣಗಾಗುತ್ತಿಲ್ಲ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು, ಗ್ಯಾಸ್ ಹೋಗಿದೆ. ಊರಲ್ಲಿ ಫ್ರಿಜ್ ಕೆಟ್ಟರೂ ಇದೇ ಮಾತು, ಇಲ್ಲಿ ಅಮೆರಿಕದಲ್ಲೂ ಇದೇ ಮಾತು. ಶಿವಮೊಗ್ಗದ ಗೆಳೆಯ ಫೋನಿನಲ್ಲಿ ಕೇಳಿದವನೇ "ಗ್ಯಾಸ್ ಹಾಕ್ಸು ಮಾರಾಯ, ಸರಿ ಹೋಗುತ್ತೆ" ಅಂದ. ನಾನು ಹಾಕಿಸಲಿಲ್ಲ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ, ಇಂಥ ಮಷಿನ್ ಇಟ್ಟುಕೊಂಡಿರುವ ಬೇರೆಯವರಿಗೂ ಉಪಯೋಗ ಆಗಲಿ.

ನನ್ನ ಗ್ಯಾರೇಜಿನಲ್ಲಿರುವುದು ವೆಂಡೋ 81. ಕಾನ್ಸಾಸ್ ಸಿಟಿಯ ವೆಂಡೋ ಕಂಪನಿ 1950ರ ದಶಕದಲ್ಲಿ ಮಾಡಿದ್ದು, 81 ಬಾಟಲಿ ಹಿಡಿಯುತ್ತದೆ. ಕಾಸು ಹಾಕಿ, ಮುಂದಿನ ಉದ್ದನೆಯ ಸಣ್ಣ ಬಾಗಿಲು ತೆಗೆದು, ಬಾಟಲಿಯ ಕತ್ತು ಹಿಡಿದು ಎಳೆದುಕೊಳ್ಳಬೇಕು. ಈಗಿನ ಮಷಿನ್‌ಗಳ ಹಾಗೆ ದಡಬಡ ಅಂತ ಕೆಳಗೆ ಬೀಳುವುದಿಲ್ಲ. ನನಗೆ ಅದೇ ಇಷ್ಟ.

ಈ ಮಷಿನ್‌ನ ಕೂಲಿಂಗ್ ವ್ಯವಸ್ಥೆ ಪೂರ್ತಿ ಬೆಸುಗೆ ಹಾಕಿ ಮುಚ್ಚಿದ್ದು. ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್, ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್, ತೀರಾ ಸಣ್ಣ ತೂತಿನ ಕ್ಯಾಪಿಲರಿ ಟ್ಯೂಬ್, ಒಳಗೆ ತಂಪು ಮಾಡುವ ಇವ್ಯಾಪೊರೇಟರ್ ಕಾಯಿಲ್, ಅಷ್ಟೇ. ಗ್ಯಾಸ್ ಅನ್ನುವುದು ಖರ್ಚಾಗುವ ವಸ್ತು ಅಲ್ಲ, ಅದೇ ಗ್ಯಾಸ್ ವರ್ಷಾನುಗಟ್ಟಲೆ ಸುತ್ತುತ್ತಾ ಇರುತ್ತದೆ. ಸೋರಿದರೆ ಮಾತ್ರ ಕಡಿಮೆಯಾಗಬೇಕು. ಇಷ್ಟು ದಶಕ ಸೋರದೆ ಉಳಿದಿರುವ ಪೈಪಿಗೆ ಯಾರೋ ಬಂದು ಚುಚ್ಚುವ ವಾಲ್ವ್ ಹಾಕಿ ಪ್ರೆಶರ್ ನೋಡಿದರೆ, ಅವತ್ತಿನಿಂದ ಅಲ್ಲೊಂದು ಸೋರುವ ಜಾಗ ಮಾಡಿಕೊಟ್ಟ ಹಾಗೆ ಆಯಿತು. ಅದಕ್ಕೇ ನನ್ನ ನಿಯಮ: ಮೊದಲು ಗಾಳಿ, ಆಮೇಲೆ ಕರೆಂಟು, ಕಟ್ಟಕಡೆಗೆ ಗ್ಯಾಸ್.

ಗಾಳಿ ಅಂದರೆ ಮೊದಲು ಕೆಳಗಿನ ಕಂಡೆನ್ಸರ್. ಪ್ಲಗ್ ಕಿತ್ತು, ಟಾರ್ಚ್ ಬಿಟ್ಟು ನೋಡಿ. ಧೂಳು, ಕೂದಲು ಎಲ್ಲ ಸೇರಿ ರೆಕ್ಕೆಗಳ ಮಧ್ಯೆ ದಪ್ಪಗೆ ಮೆತ್ತಿಕೊಂಡಿರುತ್ತದೆ. ಹಾಗೇ ಓಡಿಸುವುದು ಕಂಬಳಿ ಹೊದ್ದು ಬಿಸಿಲಲ್ಲಿ ಓಡಿದ ಹಾಗೆ. ಮೆತ್ತನೆ ಬ್ರಷ್, ವ್ಯಾಕ್ಯೂಮ್ ಸಾಕು. ರೆಕ್ಕೆ ಬಗ್ಗಿದ್ದರೆ ನಿಧಾನಕ್ಕೆ ನೆಟ್ಟಗೆ ಮಾಡಿ.

ನನ್ನ ಮಷಿನ್‌ನಲ್ಲಿ ತೊಂದರೆ ಇದ್ದದ್ದು ಒಳಗೆ. ಕಂಪ್ರೆಸರ್ ಚೆನ್ನಾಗಿಯೇ ಓಡುತ್ತಿತ್ತು, ಬಾಟಲಿಗಳು ಮಾತ್ರ ಬೆಚ್ಚಗೆ. ಒಳಗಿನ ಮುಚ್ಚಳ ಬಿಚ್ಚಿ ನೋಡಿದರೆ ಕಾಯಿಲ್ ಕಾಣಿಸಲೇ ಇಲ್ಲ. ಒಂದೇ ಮಂಜುಗಡ್ಡೆ! ಅಂಚಿನಲ್ಲಿ ಬೆಳ್ಳಗೆ, ನಡುವೆ ಗಾಜಿನ ಹಾಗೆ ತಿಳಿಯಾಗಿ, ಒಳಗೆ ತಾಮ್ರದ ಬಣ್ಣ ಮಸುಕಾಗಿ ಕಾಣುತ್ತಿತ್ತು. ಒಮ್ಮೆ ಯೋಚನೆ ಮಾಡಿ, ಗ್ಯಾಸ್ ಇಲ್ಲದಿದ್ದರೆ ಅಷ್ಟು ಮಂಜು ಎಲ್ಲಿಂದ ಬರಬೇಕು? ಕಾಯಿಲ್ ತಣ್ಣಗಾಗುತ್ತಿದೆ, ಆ ತಂಪು ಬಾಟಲಿವರೆಗೆ ಹೋಗುತ್ತಿಲ್ಲ. ಕಾರಣ, ಕಾಯಿಲ್‌ನ ತಂಪನ್ನು ಬಾಟಲಿಗಳ ಕಡೆ ಊದುವ ಫ್ಯಾನ್. ಪ್ಲಗ್ ತೆಗೆದೇ ಇತ್ತು, ಬೆರಳಿನಿಂದ ತಿರುಗಿಸಿ ನೋಡಿದೆ. ಹಳೇ ಎಣ್ಣೆ ಬೇರಿಂಗಿನಲ್ಲಿ ಗೋಂದಾಗಿ, ಅರ್ಧ ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಮೋಟರ್ ಬಿಚ್ಚಿ, ಶಾಫ್ಟ್ ಒರೆಸಿ, ಬೇರಿಂಗ್ ಪಕ್ಕದ, ಎಣ್ಣೆ ಹೀರಿಟ್ಟುಕೊಳ್ಳುವ ಫೆಲ್ಟ್ ಬಟ್ಟೆಗೆ ಎಸ್‌ಎಇ 20 ಎಣ್ಣೆ ಕೆಲವು ಹನಿ ಬಿಟ್ಟ ಮೇಲೆ ಸಲೀಸಾಗಿ ತಿರುಗಿತು. ಡಿಟರ್ಜೆಂಟ್ ಬೆರೆಸಿದ ಕಾರಿನ ಎಂಜಿನ್ ಆಯಿಲ್ ಮಾತ್ರ ಹಾಕಬೇಡಿ. ಇನ್ನೊಂದು ವಿಷಯ: ಮಂಜನ್ನು ಸ್ಕ್ರೂಡ್ರೈವರ್‌ನಿಂದ ಕೆತ್ತಲೇಬಾರದು. ಕಾಯಿಲ್‌ಗೆ ಒಂದು ತೂತು ಬಿದ್ದರೆ ಆಗ ನಿಜವಾಗಿಯೂ ಗ್ಯಾಸ್ ಹೋಗುತ್ತದೆ. ಬಾಗಿಲು ತೆಗೆದಿಟ್ಟು, ಹೊರಗಿನಿಂದ ಟೇಬಲ್ ಫ್ಯಾನ್ ಹಾಕಿ, ತಾನಾಗಿ ಕರಗಲು ಬಿಡಿ.

ಅಷ್ಟು ಮಂಜು ಕಟ್ಟಲು ತೇವ ಬೇಕಲ್ವಾ? ಅದು ಬಂದದ್ದು ಬಾಗಿಲಿನ ರಬ್ಬರ್ ಗ್ಯಾಸ್ಕೆಟ್‌ನಿಂದ. ಒಣಗಿ ಗಟ್ಟಿಯಾಗಿತ್ತು. ಡಾಲರ್ ನೋಟು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ ಎಳೆದರೆ ಸುಮ್ನೆ ಜಾರಿ ಬಂತು. ಗಟ್ಟಿಯಾಗಿ ಹಿಡಿದುಕೊಳ್ಳಬೇಕಿತ್ತು. ಹೊಸ ಗ್ಯಾಸ್ಕೆಟ್ ಮಾರುವವರು ಇಲ್ಲಿ ಇದ್ದಾರೆ, ಹಾಕುವುದೂ ಕಷ್ಟ ಅಲ್ಲ.

ಇನ್ನು ಕಂಪ್ರೆಸರ್ರೇ ಓಡದಿದ್ದರೆ? ಮೊದಲು ಥರ್ಮೋಸ್ಟಾಟ್ ನೋಡಿ. ಪ್ಲಗ್ ಕಿತ್ತು, ಗುಂಡಿಯನ್ನು ಪೂರ್ತಿ ತಂಪಿನ ಕಡೆ ತಿರುಗಿಸಿ, ಅದರ ಎರಡು ತುದಿಗೆ ಮಲ್ಟಿಮೀಟರ್ ಇಡಿ. ಮಷಿನ್ ಬೆಚ್ಚಗಿರುವಾಗಲೂ ಸಂಪರ್ಕ ತೋರಿಸದಿದ್ದರೆ ತಪ್ಪು ಅಲ್ಲೇ. ಆಮೇಲೆ ಕಂಪ್ರೆಸರ್‌ನ ಮೂರು ಪಿನ್ನುಗಳು, ಕಾಮನ್, ಸ್ಟಾರ್ಟ್, ರನ್. ಕಾಮನ್‌ನಿಂದ ರನ್‌ಗೆ 2 ಓಮ್, ಕಾಮನ್‌ನಿಂದ ಸ್ಟಾರ್ಟ್‌ಗೆ 8 ಓಮ್ ಬಂದರೆ ಸ್ಟಾರ್ಟ್‌ನಿಂದ ರನ್‌ಗೆ 10ರ ಹತ್ತಿರ ಬರಬೇಕು. ಲೆಕ್ಕ ಕೂಡಿದರೆ ಒಳಗಿನ ಮೋಟರಿನ ತಂತಿ ಸುರುಳಿ ಸರಿ ಇದೆ. ಯಾವ ಪಿನ್‌ನಿಂದಲೂ ಕಬ್ಬಿಣದ ಡಬ್ಬಕ್ಕೆ ಸಂಪರ್ಕ ಇರಬಾರದು, ಇದ್ದರೆ ಶಾಕ್ ಹೊಡೆಯುತ್ತದೆ. ಹಳೇ ಮಷಿನ್‌ಗಳ ಎರಡು ಪಿನ್ನಿನ ವೈರಿಗೆ ಅರ್ಥಿಂಗ್ ಇಲ್ಲ, ಅದನ್ನು ಮೂರು ಪಿನ್ನಿಗೆ ಬದಲಾಯಿಸದೆ ಮಕ್ಕಳ ಕೈಗೆ ಕೊಡಲೇಬೇಡಿ. ಸುರುಳಿ ಸರಿ ಇದ್ದು, ಒಂದು ಕ್ಷಣ ಗುಂಯ್ ಅಂದು ಟಕ್ ಅಂತ ನಿಲ್ಲುತ್ತಿದ್ದರೆ ಕಂಪ್ರೆಸರ್ ಶುರುವಾಗಲು ನೆರವಾಗುವ ಸ್ಟಾರ್ಟ್ ರಿಲೇ ಅಥವಾ ಕೆಪಾಸಿಟರ್ ಕಡೆ ನೋಡಿ. ಆದರೆ ಈಗಷ್ಟೇ ಆಫ್ ಮಾಡಿ ತಕ್ಷಣ ಆನ್ ಮಾಡಿದರೂ ಹೀಗೇ ಆಗುತ್ತದೆ, ಕಂಪ್ರೆಸರ್‌ನ ಎರಡೂ ಕಡೆಯ ಗ್ಯಾಸಿನ ಒತ್ತಡ ಸಮವಾಗಲು ಕೆಲವು ನಿಮಿಷ ಬೇಕು.

ಗ್ಯಾಸ್ ನಿಜವಾಗಿಯೂ ಕಡಿಮೆ ಇದೆಯಾ ಅಂತ ಮಂಜೇ ಹೇಳುತ್ತದೆ. ಫ್ಯಾನ್ ಸರಿ ಇದ್ದು, ಕಾಯಿಲ್ ತುಂಬ ಒಂದೇ ಸಮ ತೆಳ್ಳನೆ ಮಂಜು ಇದ್ದರೆ ಗ್ಯಾಸ್ ಇದೆ. ಕಾಯಿಲ್‌ನ ಮೊದಲ ಒಂದೆರಡು ಸುತ್ತಿನ ಮೇಲೆ ಮಾತ್ರ ಮಂಜು, ಉಳಿದದ್ದು ಬೆಚ್ಚಗೆ, ಜೊತೆಗೆ ಯಾವುದಾದರೂ ಬೆಸುಗೆ ಹತ್ತಿರ ಎಣ್ಣೆ ಜಿಡ್ಡು ಕಂಡರೆ ಆಗ ಸೋರಿಕೆ ಅನ್ನಬಹುದು. ಅಲ್ಲಿಂದ ಮುಂದೆ ಕೆಲಸ ಬಲ್ಲವರಿಗೇ ಬಿಡಿ. ಒಳಗಿರುವುದು ಸಾಮಾನ್ಯವಾಗಿ ಆರ್-12. ಓಝೋನ್ ಪದರ ಹಾಳುಮಾಡುವ ಗ್ಯಾಸ್ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಸೇರಿತು, 1995ರ ಕೊನೆಗೆ ಅಮೆರಿಕದಲ್ಲಿ ತಯಾರಿಕೆ ನಿಂತಿತು. ಅದನ್ನು ಬೇಕಂತಲೇ ಗಾಳಿಗೆ ಬಿಡುವುದು ಇಲ್ಲಿ ಅಪರಾಧ, ಗ್ಯಾಸಿನ ಲೈನ್ ಬಿಚ್ಚಲು ಇಪಿಎ (ಇಲ್ಲಿನ ಪರಿಸರ ಸಂಸ್ಥೆ) 608 ಸರ್ಟಿಫಿಕೇಟ್ ಬೇಕು. ಆರ್-12 ಬದಲು ಆರ್-134ಎ ಅನ್ನುವ ಬೇರೆ ಗ್ಯಾಸ್ ತುಂಬಿಸಿಬಿಡೋಣ ಅನ್ನುವವರಿದ್ದಾರೆ. ಹಳೇ ಕಂಪ್ರೆಸರ್‌ನ ಮಿನರಲ್ ಎಣ್ಣೆ ಆ ಗ್ಯಾಸಿನ ಜೊತೆ ಬೆರೆಯುವುದಿಲ್ಲ. ಎಣ್ಣೆ, ಗ್ಯಾಸಿನ ಲೈನಿನಲ್ಲಿ ತೇವ ಹೀರುವ ಡ್ರೈಯರ್ ಎಲ್ಲ ಬದಲಾಯಿಸಬೇಕು, ಸುಮ್ನೆ ತುಂಬಿಸಿದರೆ ಜಾಸ್ತಿ ದಿನ ಬಾಳಿಕೆ ಬರುವುದಿಲ್ಲ.

ರಿಪೇರಿ ಆದ ಮೇಲೆ ಬಾಟಲಿ ತುಂಬಿ ಇಡೀ ರಾತ್ರಿ ಬಿಡಿ, ಎರಡು ಗಂಟೆಗೇ ತೆಗೆದು ಮುಟ್ಟಿ ನೋಡಬೇಡಿ. ಥರ್ಮಾಮೀಟರನ್ನು ಗಾಳಿಯಲ್ಲಿ ಇಡುವ ಬದಲು ನೀರು ತುಂಬಿದ ಬಾಟಲಿಯೊಳಗೆ ಇಡಿ. 34ರಿಂದ 38 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. 30ಕ್ಕಿಂತ ಕೆಳಗಿಳಿದರೆ ಗಾಜಿನ ಬಾಟಲಿ ಒಡೆಯುವ ಅಪಾಯ ಇದೆ, ಥರ್ಮೋಸ್ಟಾಟ್ ಗುಂಡಿಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ.