ಕಣ್ಣಿಗಿಂತ ಮೊದಲು ಹಿಕ್ಕೆ ನೋಡಬೇಕು

ಧಾರವಾಡ, 9 ಜುಲೈ 2025, ಬುಧವಾರ

ಮುಂಜಾನೆಯಿಂದ ಜಿಟಿಜಿಟಿ ಮಳೆ. ಎಡಗಣ್ಣಿಲ್ಲದ, ಆ ಗುಳಿಯಲ್ಲಿ ಸೋಂಕಾಗಿರುವ ಬಿಳಿ ಹೆಣ್ಣು ಮೊಲದ ತೂಕ ಇವತ್ತು 1 ಕೆಜಿ 620 ಗ್ರಾಂ, ನಿನ್ನೆಗಿಂತ 10 ಗ್ರಾಂ ಹೆಚ್ಚು. ರಾತ್ರಿ ಹಾಕಿದ ಹುಲ್ಲಿನಲ್ಲಿ ಮುಕ್ಕಾಲು ಪಾಲು ಖಾಲಿಯಾಗಿದೆ. ಹಿಕ್ಕೆ ದುಂಡಗಿದೆ, ಕಡಲೆಕಾಳಿನ ಗಾತ್ರ, ಬೆರಳಲ್ಲಿ ಒಡೆದರೆ ಒಳಗೆ ಒಣ ನಾರು. ಕಣ್ಣಿನ ಗುಳಿಯ ಕಡೆ ನೋಡುವ ಮೊದಲು ದಿನಾ ಇಷ್ಟನ್ನು ಬರೆದಿಡುತ್ತೇವೆ. ಗುಳಿಯಲ್ಲಿ ಕೀವು ಎಷ್ಟೇ ಇರಲಿ, ಮೊಲ ತಿನ್ನುತ್ತಿದ್ದರೆ ನಮಗೆ ಸಮಯವಿದೆ. ತಿನ್ನುವುದು ನಿಂತರೆ ಸಮಯವಿಲ್ಲ. ನೋವಾದರೆ ಮೊಲ ಸಾಮಾನ್ಯವಾಗಿ ಕೂಗುವುದಿಲ್ಲ, ಸುಮ್ಮನೆ ಮೂಲೆ ಸೇರಿ ಹುಲ್ಲು ಬಿಡುತ್ತದೆ. ಹುಲ್ಲು ಬಿಟ್ಟ ಮೊಲದ ಕರುಳು ಓಡಾಟ ನಿಲ್ಲಿಸುತ್ತದೆ, ಗ್ಯಾಸ್ ತುಂಬುತ್ತದೆ, ಆ ನೋವಿಗೆ ಮತ್ತಷ್ಟು ತಿನ್ನುವುದಿಲ್ಲ. ಹನ್ನೆರಡು ತಾಸು ಏನೂ ತಿನ್ನದಿದ್ದರೆ, ಹಿಕ್ಕೆ ಬೀಳದಿದ್ದರೆ, ಅದು ನಾಳೆಗೆ ಬಿಡುವ ಮಾತಲ್ಲ.

ಕಣ್ಣೇ ಇಲ್ಲದ ಮೇಲೆ ಸೋಂಕು ಎಲ್ಲಿಂದ ಎಂದು ಬಹಳ ಜನ ಕೇಳುತ್ತಾರೆ. ಗುಡ್ಡೆ ಹೋದರೂ ಅದರ ಸುತ್ತಲಿನ ಒಳಪೊರೆ, ಮೂರನೇ ರೆಪ್ಪೆ, ಕಣ್ಣೀರಿನ ಗ್ರಂಥಿಗಳು ಗುಳಿಯೊಳಗೆ ಉಳಿದಿರುತ್ತವೆ. ಅವು ಒಸರುತ್ತಲೇ ಇರುತ್ತವೆ. ಹೊರಗೆ ಹೋಗುವ ದಾರಿ ಕೂದಲಿನಿಂದಲೋ ಹಕ್ಕಳೆಯಿಂದಲೋ ಕಟ್ಟಿಕೊಂಡರೆ ಒಸರಿದ್ದು ಒಳಗೇ ನಿಂತು ಕೊಳೆಯುತ್ತದೆ. ಮೊಲಕ್ಕೆ ಕಣ್ಣೀರಿನ ನಾಳದ ಬಾಯಿ ಪ್ರತಿ ಕಣ್ಣಿಗೆ ಒಂದೇ, ಕೆಳರೆಪ್ಪೆಯಲ್ಲಿ. ನಮ್ಮ ಹಾಗೆ ಎರಡಿಲ್ಲ. ಆ ನಾಳ ಮುಂದಿನ ಹಲ್ಲಿನ ಬೇರಿನ ಪಕ್ಕದಲ್ಲೇ ಹಾದು ಮೂಗಿಗೆ ಇಳಿಯುತ್ತದೆ. ಹಲ್ಲಿನ ಬೇರು ಉದ್ದವಾಗಿ ಒತ್ತಿದರೆ ನಾಳ ಮುಚ್ಚುತ್ತದೆ.

ಇನ್ನು ಕೀವಿನ ಮಾತು. ಮೊಲದ ಕೀವು ನೀರಾಗಿ ಹರಿಯುವುದಿಲ್ಲ, ಟೂತ್‌ಪೇಸ್ಟಿನ ಹಾಗೆ ಗಟ್ಟಿ ಇರುತ್ತದೆ. ಅದನ್ನು ಕರಗಿಸುವ ಕಿಣ್ವ ಮೊಲದ ಬಿಳಿರಕ್ತಕಣಗಳಲ್ಲಿ ತೀರಾ ಕಡಿಮೆ. ಹೀಗಾಗಿ ನಾಯಿಯ ಬಾವಿನಂತೆ ಒಂದು ಕಡೆ ಕೊಯ್ದು ಹಿಂಡಿದರೆ ಮುಗಿಯುವುದಿಲ್ಲ. ಹಿಂಡಲೇಬಾರದು. ಹಿಂಡಿದ ಕೀವು ಹಿಂದಕ್ಕೆ ಸರಿದು ಬುರುಡೆಯ ಮೂಳೆಯ ಸಂದಿಗೆ ಸೇರಬಹುದು. ಒಳಗೆ ದಪ್ಪ ಗೋಡೆಯ ಚೀಲ ಕಟ್ಟಿಕೊಂಡಿದ್ದರೆ ಔಷಧವೂ ಅದರೊಳಗೆ ಇಳಿಯುವುದಿಲ್ಲ. ಆಗ ಡಾಕ್ಟರ್ ಚೀಲವನ್ನೇ ತೆಗೆಯುತ್ತಾರೆ, ಇಲ್ಲವೇ ಗುಳಿಯ ಬಾಯಿಯನ್ನು ಹೊಲಿಯದೆ ತೆರೆದಿಟ್ಟು ಒಳಗಿನಿಂದ ಮಾಯುತ್ತ ಬರಲಿ ಎಂದು ಬಿಡುತ್ತಾರೆ. ಈ ಮೊಲಕ್ಕೆ ಮಾಡಿದ್ದು ಎರಡನೆಯದು. ನೋಡಲು ಕಷ್ಟವೇ, ಆದರೆ ಸರಿಯಾದದ್ದು ಅದೇ. ಮೇಲೆ ಹೊಲಿದು ಒಳಗೆ ಕೀವು ಬಿಟ್ಟರೆ ಕೆಲವೇ ವಾರಗಳಲ್ಲಿ ಅದೇ ಜಾಗ ಮತ್ತೆ ಉಬ್ಬುತ್ತದೆ.

ತೊಳೆಯುವುದಕ್ಕೆ ಬೇಕಾದದ್ದು ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ: 0.9 ಪ್ರತಿಶತ ನಾರ್ಮಲ್ ಸಲೈನಿನ 100 ಎಂಎಲ್ ಬಾಟಲಿ, 10 ಎಂಎಲ್ ಸಿರಿಂಜ್, ಸ್ಟೆರೈಲ್ ಗಾಜ್ (ಗಾಯಕ್ಕೆ ಬಳಸುವ ಜಾಳು ಬಟ್ಟೆ) ಪೊಟ್ಟಣ, ಕೈಗವಸು. ಅರಳೆ ಬೇಡ, ಅದರ ಎಳೆ ಗುಳಿಯೊಳಗೆ ಅಂಟಿ ಉಳಿಯುತ್ತದೆ. ಒಮ್ಮೆ ತೆರೆದ ಬಾಟಲಿಯನ್ನು ಮರುದಿನಕ್ಕೆ ಇಡುವುದಿಲ್ಲ, ಸಣ್ಣ ಬಾಟಲಿ ತರುವುದು ಅದಕ್ಕೇ. ಸಿರಿಂಜಿನ ಸೂಜಿ ಮೊದಲೇ ತೆಗೆದು ಆಚೆ ಹಾಕಬೇಕು. ಸಲೈನ್ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡಿ, ಮುಂಗೈ ಒಳಬದಿಗೆ ಒಂದು ಹನಿ ಬಿಟ್ಟು ನೋಡಿದರೆ ಬಿಸಿ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಈ ಮಳೆಯಲ್ಲಿ ತಣ್ಣನೆ ಸಲೈನ್ ಹಾಕಿದರೆ ಮೊಲ ಒಮ್ಮೆಲೇ ಜಿಗಿಯುತ್ತದೆ.

ಹಿಡಿಯುವ ಕೆಲಸ ತೊಳೆಯುವ ಕೆಲಸಕ್ಕಿಂತ ದೊಡ್ಡದು. ನೆಲದ ಮೇಲೆ ಕೂತೇ ಮಾಡಬೇಕು, ಕಟ್ಟೆ ಟೇಬಲ್ ಬೇಡ. ದಪ್ಪ ಟವೆಲ್ ಹಾಸಿ, ಮೊಲವನ್ನು ನಡುವೆ ಕೂರಿಸಿ, ಒಂದು ಬದಿಯ ಅಂಚನ್ನು ಕತ್ತಿನ ಕೆಳಗಿನಿಂದ ತಂದು ಇನ್ನೊಂದು ಬದಿಯಿಂದ ಮುಚ್ಚಬೇಕು. ತಲೆ ಮಾತ್ರ ಹೊರಗೆ. ಹಿಂಗಾಲು ಜಾಡಿಸಲು ಜಾಗ ಸಿಕ್ಕರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುವಷ್ಟು ಬಲ ಅದರ ಕಾಲಿಗಿದೆ. ಅಂಗಾತ ಮಲಗಿಸುವುದೂ ಬೇಡ. ಅಂಗಾತ ಹಾಕಿದಾಗ ಅದು ಅಲುಗಾಡದೆ ಇರುವುದು ಸಮಾಧಾನದಿಂದಲ್ಲ, ಭಯದಿಂದ. ಹೊಸಬರು ಹಿಡಿಯುವಾಗ ನಾವು ಹೇಳುವುದು ಒಂದೇ ಮಾತು: "ಅಕ್ಕಾರ, ಹಿಂಗಾಲು ಬಿಡಬ್ಯಾಡ್ರಿ, ಮೂಗು ಮುಚ್ಚಬ್ಯಾಡ್ರಿ." ಮೊಲ ಮೂಗಿನಿಂದಲೇ ಉಸಿರಾಡುವ ಪ್ರಾಣಿ, ಟವೆಲಿನ ಅಂಚು ಮೂಗಿನ ಮೇಲೆ ಸರಿದರೂ ಒದ್ದಾಡುತ್ತದೆ.

ಮೊದಲು ಒದ್ದೆ ಗಾಜ್ ಬಟ್ಟೆಯನ್ನು ಹಕ್ಕಳೆಯ ಮೇಲೆ ಐದು ನಿಮಿಷ ಒತ್ತದೆ ಇಡುವುದು. ನೆನೆದ ಹಕ್ಕಳೆ ತಾನೇ ಬಿಡುತ್ತದೆ. ಒಣಗಿದ್ದನ್ನು ಕಿತ್ತರೆ ಕೆಳಗಿನ ಹೊಸ ಚರ್ಮವೂ ಬರುತ್ತದೆ. ಆಮೇಲೆ ತಲೆಯನ್ನು ಗುಳಿ ಇರುವ ಬದಿಗೆ ವಾಲಿಸಬೇಕು, ನೀರು ಮೂಗಿನ ಕಡೆ ಬಾರದೆ ಕೆನ್ನೆಯ ಮೇಲಿಂದ ಟವೆಲಿಗೆ ಇಳಿಯಲಿ. ಸಿರಿಂಜಿನ ತುದಿಯನ್ನು ಗುಳಿಗೆ ತುರುಕದೆ ಅಂಚಿನಿಂದ ಸ್ವಲ್ಪ ದೂರ ಹಿಡಿದು ಒಂದು ಸಲಕ್ಕೆ 5 ಎಂಎಲ್‌ನಷ್ಟು ಸಣ್ಣ ಧಾರೆ. ಬರುವ ನೀರು ತಿಳಿಯಾಗುವವರೆಗೆ 20ರಿಂದ 30 ಎಂಎಲ್ ಹಿಡಿಯುತ್ತದೆ. ಒರೆಸುವಾಗ ಮೂಗಿನ ಬದಿಯಿಂದ ಕಿವಿಯ ಬದಿಗೆ, ಒಂದು ಗಾಜ್ ತುಂಡಿಗೆ ಒಂದೇ ಒರೆಸು. ಒಳ್ಳೆಯ ಕಣ್ಣಿಗೆ ಬೇರೆ ಗಾಜ್, ಅದನ್ನೇ ಮೊದಲು ಒರೆಸಬೇಕು. ಇರುವ ಒಂದು ಕಣ್ಣಿಗೆ ಈ ಕೀವು ದಾಟಬಾರದು.

ಡಾಕ್ಟರ್ ಹೇಳಿದ ದಿನ ಮಾತ್ರ ಬೆಟಡಿನ್ (ಅಯೋಡಿನ್ ಇರುವ ಕ್ರಿಮಿನಾಶಕ). ಬಾಟಲಿ 10 ಪ್ರತಿಶತದ್ದಾದರೆ 50 ಎಂಎಲ್ ಸಲೈನಿಗೆ 1 ಎಂಎಲ್, 5 ಪ್ರತಿಶತದ್ದಾದರೆ 2 ಎಂಎಲ್. ಅಂಗಡಿಯಲ್ಲಿ ಸೊಲ್ಯೂಷನ್ ಎಂದು ಕೇಳಿ ತರಬೇಕು. ಸ್ಕ್ರಬ್ ಎಂದು ಬರೆದದ್ದರಲ್ಲಿ ನೊರೆ ಬರುವ ಸೋಪಿನ ಅಂಶವಿದೆ, ಗುಳಿಗೆ ಸುಡುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬುರುಬುರು ನೊರೆ ಬಂದು ಕೆಲಸವಾದಂತೆ ಕಾಣುತ್ತದೆ, ಮಾಯುತ್ತಿರುವ ಮಾಂಸವನ್ನೂ ಅದು ತಿನ್ನುತ್ತದೆ. ಅರಿಶಿನ ಮೆತ್ತುವುದೂ ಬೇಡ. ಪುಡಿ ಕೀವಿನೊಂದಿಗೆ ಸೇರಿ ಗಟ್ಟಿಯಾಗಿ ಗುಳಿಯ ಬಾಯಿಗೆ ಬಿರಡೆ ಹಾಕುತ್ತದೆ.

ಇವತ್ತು ಬಂದದ್ದು ಬಿಳಿ, ಜೋಳದ ಕಾಳಿನಷ್ಟು, ನಾತವಿಲ್ಲ. ಗುಳಿಯ ತಳ ಗುಲಾಬಿ ಬಣ್ಣ, ಮುಟ್ಟಿದರೆ ಒಂದು ಹನಿ ರಕ್ತ. ಇದು ಮಾಯುವ ಲಕ್ಷಣ. ಬೂದು ಬಣ್ಣವಿದ್ದು ಕೊಳೆತ ನಾತ ಬಂದರೆ ಗಾಳಿ ಬೇಡದ ಬ್ಯಾಕ್ಟೀರಿಯಾ ಸೇರಿದೆ ಎಂದು ತಿಳಿದು ಔಷಧ ಬದಲಿಸಲು ಕೇಳಬೇಕು. ಅದೇ ಬದಿಯ ಮೂಗಿನ ಹೊಳ್ಳೆಯಲ್ಲಿ ಕೀವು ಕಂಡರೆ ಸೋಂಕು ನಾಳಕ್ಕೆ ಇಳಿದಿರಬಹುದು.

ತೊಳೆದ ಮೇಲೆ ಒಣಗಿಸುವುದನ್ನು ಬಿಡುವ ಹಾಗಿಲ್ಲ, ಅದರಲ್ಲೂ ಈ ತಿಂಗಳು. ಒದ್ದೆ ಕೂದಲು, ಕೀವಿನ ವಾಸನೆ, ಮಳೆಗಾಲದ ನೊಣ, ಮೂರೂ ಒಂದೆಡೆ ಸೇರಿದರೆ ಹುಳ ಬಿದ್ದಂತೆಯೇ. ನೊಣದ ಮೊಟ್ಟೆ ಕೆನೆಬಣ್ಣದ ಸಣ್ಣ ಕಡ್ಡಿಗಳಾಗಿ ಕೂದಲಿಗೆ ಅಂಟಿರುತ್ತದೆ, ಒಂದು ದಿನದೊಳಗೆ ಒಡೆಯುತ್ತದೆ. ಆದ್ದರಿಂದ ಮುಂಜಾನೆ, ಸಂಜೆ ಎರಡು ಹೊತ್ತೂ ಗುಳಿಯ ಸುತ್ತ ಮತ್ತು ಬಾಲದ ಕೆಳಗೆ ಟಾರ್ಚ್ ಹಿಡಿದು ನೋಡುತ್ತೇವೆ. ಗೂಡಿಗೆ ಪೂರಾ ಸೊಳ್ಳೆಪರದೆ. ಹುಳ ಕಂಡರೆ ಚಿಮಟದಿಂದ ಸಿಕ್ಕಷ್ಟು ತೆಗೆದು ಆ ಗಳಿಗೆಯೇ ಡಾಕ್ಟರ ಹತ್ತಿರ ಒಯ್ಯಬೇಕು. ದನದ ಗಾಯಕ್ಕೆ ಹಾಕುವ ಟರ್ಪೆಂಟೈನ್, ಫಿನೈಲ್, ಸೀಮೆಎಣ್ಣೆ ಯಾವುದೂ ಮೊಲಕ್ಕೆ ಆಗದು. ಕೂದಲು ಕತ್ತರಿಸಲು ಕತ್ತರಿಯೂ ಬೇಡ, ಮೊಲದ ಚರ್ಮ ಅಷ್ಟು ತೆಳು, ಕೂದಲೊಂದಿಗೆ ಚರ್ಮವೂ ಬರುತ್ತದೆ. ಸಣ್ಣ ಟ್ರಿಮ್ಮರ್ ಸಾಕು.

ಔಷಧದ ವಿಷಯದಲ್ಲಿ ಜೀವ ಹೋಗುವ ತಪ್ಪುಗಳಿವೆ, ಅವು ಒಳ್ಳೆಯ ಮನಸ್ಸಿನಿಂದಲೇ ಆಗುತ್ತವೆ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಆಂಟಿಬಯೋಟಿಕ್ ಬಾಯಿಗೆ ಹಾಕಬಾರದು. ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಕೂಡ ಬೇಡ. ಇವು ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯಲು ಬಿಡುತ್ತವೆ, ಅದರ ವಿಷಕ್ಕೆ ಭೇದಿಯಾಗಿ ಮೊಲ ಸಾಯುತ್ತದೆ. ಸಾಮಾನ್ಯವಾಗಿ ಬರೆದುಕೊಡುವುದು ಎನ್ರೋಫ್ಲಾಕ್ಸಾಸಿನ್, ಸಲ್ಫಾ-ಟ್ರೈಮೆಥೊಪ್ರಿಮ್, ಮೆಟ್ರೊನಿಡಜೋಲ್. ಪೆನಿಸಿಲಿನ್ ಬೇಕೆಂದರೆ ಚರ್ಮದ ಕೆಳಗೆ ಇಂಜೆಕ್ಷನ್, ಅದೂ ಡಾಕ್ಟರೇ ಹೇಳಬೇಕು. ಕಣ್ಣಿನ ಡ್ರಾಪ್ಸ್ ಡಬ್ಬಿಯ ಮೇಲೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಬೀಟಾಮೆಥಾಸೋನ್ ಎಂದಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಮೊಲದ ಮೈ ಸ್ಟೀರಾಯ್ಡಿಗೆ ಬಹಳ ಸೂಕ್ಷ್ಮ, ಹನಿ ಹಾಕಿದರೂ ಸೋಂಕು ತಡೆಯುವ ಶಕ್ತಿ ಕುಗ್ಗುತ್ತದೆ. ನಾಯಿಯ ಉಣ್ಣಿಗೆ ಹಾಕುವ ಫಿಪ್ರೊನಿಲ್ ಮೊಲದ ಹತ್ತಿರವೂ ತರಬಾರದು. ನೋವಿಗೆ ಮೆಲಾಕ್ಸಿಕಾಮ್ ಕೊಡುತ್ತಾರೆ, ಕೆಜಿಗೆ ನಾಯಿಗಿಂತ ಹೆಚ್ಚು ಪ್ರಮಾಣ ಬೇಕಾಗುತ್ತದೆ. ನಾಯಿಯ ಲೆಕ್ಕದಲ್ಲಿ ಕೊಟ್ಟು ನೋವು ಇಳಿಯಲಿಲ್ಲ ಎನ್ನುವುದು ಇದಕ್ಕೇ. ತೂಕ ಗ್ರಾಂನಲ್ಲಿ ಹೇಳಿದರೆ ಡಾಕ್ಟರಿಗೂ ಲೆಕ್ಕ ಸುಲಭ. ಮೆಟ್ರೊನಿಡಜೋಲ್ ತೀರಾ ಕಹಿ. ಅರ್ಧ ಚಮಚ ಹಿಸುಕಿದ ಬಾಳೆಹಣ್ಣಿನಲ್ಲಿ ಕಲಸಿದರೆ ಇಳಿಯುತ್ತದೆ, ಅದಕ್ಕಿಂತ ಹೆಚ್ಚು ಬಾಳೆ ಬೇಡ.

ಸೋಂಕು ವಾಸಿಯಾಗಿ ಮತ್ತೆ ಮತ್ತೆ ಬರುತ್ತಿದ್ದರೆ ಬಾಯಿ ನೋಡಬೇಕು. ಮೊಲದ 28 ಹಲ್ಲುಗಳೂ ಸಾಯುವವರೆಗೆ ಬೆಳೆಯುತ್ತವೆ. ಮೇಲಿನ ದವಡೆ ಹಲ್ಲಿನ ಬೇರು ಕಣ್ಣಿನ ಗುಳಿಯ ನೇರ ಕೆಳಗೆ. ಹುಲ್ಲಿಲ್ಲದೆ ಚುರಮುರಿ, ಬಿಸ್ಕಿಟ್, ರೊಟ್ಟಿ ಚೂರು ತಿಂದು ಬೆಳೆದ ಮೊಲದ ಹಲ್ಲು ಸವೆಯುವುದಿಲ್ಲ, ಬೇರು ಮೇಲಕ್ಕೆ ಚುಚ್ಚಿ ಅಲ್ಲಿ ಬಾವು ಕಟ್ಟುತ್ತದೆ. ಜೊಲ್ಲಿನಿಂದ ಗದ್ದ ಒದ್ದೆಯಾಗುವುದು, ಹುಲ್ಲು ಬಿಟ್ಟು ಮೆತ್ತನೆಯದನ್ನೇ ಹುಡುಕುವುದು, ದವಡೆಯ ಮೇಲೆ ಗಂಟು, ಇವು ಗುರುತು. ಬುರುಡೆಯ ಎಕ್ಸ್‌ರೇ ಇಲ್ಲದೆ ಗೊತ್ತಾಗುವುದಿಲ್ಲ. ಆ ಹಲ್ಲು ಇರುವವರೆಗೆ ಎಷ್ಟು ತೊಳೆದರೂ ಗುಳಿ ಒಣಗುವುದಿಲ್ಲ.

ಆಪರೇಷನ್ ಬೇಕಾದರೆ ಮೊಲಕ್ಕೆ ಅನಸ್ತೇಸಿಯಾ ಕೊಟ್ಟು ಅಭ್ಯಾಸವಿರುವ ಕಡೆಯೇ ಹೋಗಬೇಕು. ಗದಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಹುಬ್ಬಳ್ಳಿ-ಧಾರವಾಡದಲ್ಲಿ ಖಾಸಗಿ ಕ್ಲಿನಿಕ್‌ಗಳಿವೆ. ಎಲ್ಲೇ ಆಗಲಿ ಫೋನ್ ಮಾಡಿ ಕೇಳಿಕೊಂಡೇ ಹೊರಡುವುದು ಒಳ್ಳೆಯದು. ಕಣ್ಣುಗುಡ್ಡೆಯ ಹಿಂದೆ ರಕ್ತ ತುಂಬಿದ ದೊಡ್ಡ ಚೀಲವಿದೆ, ಅದಕ್ಕೆ ಪೆಟ್ಟಾದರೆ ರಕ್ತ ನಿಲ್ಲಿಸುವುದು ಕಷ್ಟ. ಹಿಂದಿನ ರಾತ್ರಿಯಿಂದ ಉಪವಾಸ ಇಡಿ ಎಂದರೆ ಒಪ್ಪಬೇಡಿ. ಮೊಲ ವಾಂತಿ ಮಾಡುವುದಿಲ್ಲ, ಉಪವಾಸದಿಂದ ಕರುಳು ನಿಲ್ಲುವ ಅಪಾಯವೇ ಹೆಚ್ಚು. ಹಾವೇರಿ ಕಡೆಯಿಂದ ಬಸ್ಸಿನಲ್ಲಿ ತರುವವರು ಬುಟ್ಟಿಯಲ್ಲೂ ಹುಲ್ಲು ಇಡಬೇಕು. ಹೊಲಿಗೆ ಹಾಕಿದ್ದರೆ 10ರಿಂದ 14 ದಿನಕ್ಕೆ ತೆಗೆಯುತ್ತಾರೆ. ಗಾಯ ಕೆರೆಯದಿರಲೆಂದು ಕೊರಳಿಗೆ ಅಗಲವಾದ ಕಾಲರ್ ಹಾಕುವುದು ನಮಗೆ ಇಷ್ಟವಿಲ್ಲ. ರಾತ್ರಿ ಬರುವ ಮೆತ್ತನೆಯ ಹಿಕ್ಕೆಯನ್ನು ಮೊಲ ಗುದದಿಂದಲೇ ತಿನ್ನಬೇಕು, ಕಾಲರ್ ಅದನ್ನು ತಡೆಯುತ್ತದೆ. ಹಿಂಗಾಲಿನ ಉಗುರು ಕತ್ತರಿಸಿದರೆ ಕೆರೆತದ ಪೆಟ್ಟು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಊಟ: ಹೊಟ್ಟೆ ತುಂಬ ಒಣಹುಲ್ಲು ಮತ್ತು ತೊಳೆದು ನೀರು ಆರಿಸಿದ ಗರಿಕೆ. ಜೊತೆಗೆ ಒಂದು ಹಿಡಿ ಕೊತ್ತಂಬರಿ, ಮೂಲಂಗಿ ಎಲೆ, ಹತ್ತರಕಿ ಸೊಪ್ಪು. ಎಳೆ ಜೋಳದ ಪೈರು ಕೊಡುವುದಿಲ್ಲ, ಅದರಲ್ಲಿ ಸೈನೈಡ್ ವಿಷ ಹುಟ್ಟುತ್ತದೆ, ದನಕ್ಕೂ ಅಪಾಯ. ಹುಲ್ಲನ್ನು ಜಾಲರಿಗೆ ಸಿಕ್ಕಿಸದೆ ನೆಲದ ಮೇಲೆ ಹಾಕುತ್ತೇವೆ, ಕಡ್ಡಿ ಉಳಿದ ಕಣ್ಣಿಗೆ ಚುಚ್ಚಬಾರದು. ತಾನಾಗಿ ತಿನ್ನದ ದಿನ ಪೆಲೆಟ್ (ಮೊಲದ ಗುಳಿಗೆ ಆಹಾರ) ಒಂದು ಪಾಲು, ಬಿಸಿನೀರು ಎರಡು ಪಾಲು ನೆನೆಸಿ ಅರೆದು, ಕೆಜಿಗೆ 10 ಎಂಎಲ್ ಲೆಕ್ಕದಲ್ಲಿ ದಿನಕ್ಕೆ ನಾಲ್ಕು ಸಲ. ಮುಂದಿನ ಹಲ್ಲಿನ ಪಕ್ಕದ ಸಂದಿಯಿಂದ 1 ಎಂಎಲ್ ಹಾಕಿ, ಅಗಿದು ನುಂಗಿದ ಮೇಲೆ ಮುಂದಿನದು. ಹೊಟ್ಟೆ ಡೊಳ್ಳಾಗಿ ಬಿಗಿದಿದ್ದರೆ ಮಾತ್ರ ಏನೂ ಹಾಕದೆ ಡಾಕ್ಟರ ಹತ್ತಿರ ಓಡಬೇಕು.

ಒಂದು ಕಣ್ಣಿನ ಮೊಲಕ್ಕೆ ಜಗತ್ತಿನ ಅರ್ಧ ಭಾಗ ಇಲ್ಲ. ಎರಡೂ ಕಣ್ಣಿದ್ದಾಗ ಸುತ್ತಮುತ್ತ ಎಲ್ಲ ಕಾಣುತ್ತಿದ್ದ ಪ್ರಾಣಿ ಅದು. ಹೀಗಾಗಿ ಗೂಡಿನ ಗೋಡೆ ಕುರುಡು ಬದಿಗೆ, ಬಾಗಿಲು ಮತ್ತು ನೀರಿನ ಭಾರದ ಬಟ್ಟಲು ಕಾಣುವ ಬದಿಗೆ. ಮುಟ್ಟುವ ಮೊದಲು ಮಾತಾಡಿಸಬೇಕು. ಕುರುಡು ಬದಿಯಿಂದ ಕೈ ಬಂದರೆ ಕಚ್ಚಿದರೂ ಅದರ ತಪ್ಪಲ್ಲ.

ಹೊಲದಲ್ಲಿ ಸಿಕ್ಕ ಕಂದು ಬಣ್ಣದ ಕಾಡುಮೊಲಕ್ಕೆ ಇದಾವುದೂ ಅನ್ವಯಿಸುವುದಿಲ್ಲ. 1972ರ ವನ್ಯಜೀವಿ ಕಾಯಿದೆಯ ರಕ್ಷಣೆ ಇರುವ ಪ್ರಾಣಿ ಅದು, ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು.

ಸಂಜೆ 6: ಎರಡನೇ ತೊಳೆತ, 20 ಎಂಎಲ್‌ಗೇ ನೀರು ತಿಳಿ. ನೊಣದ ಮೊಟ್ಟೆ ಇಲ್ಲ. ಬಲಗಣ್ಣು ಸ್ವಚ್ಛ. ಹೊಸ ಹಿಕ್ಕೆ ಬಿದ್ದಿದೆ. ಇದೇ ರೀತಿ ಇನ್ನೂ ಮೂರು ದಿನ ಕೀವು ಕಡಿಮೆಯಿದ್ದರೆ ದಿನಕ್ಕೆ ಒಂದೇ ಸಲ ತೊಳೆಯಬಹುದೇ ಎಂದು ಶನಿವಾರ ಡಾಕ್ಟರನ್ನು ಕೇಳಬೇಕು. ಎಕ್ಸ್‌ರೇ ವಿಷಯವನ್ನೂ.