ತೇರಹಳ್ಳಿ ಬೆಟ್ಟದ ಮೇಲೆ ಎರಡು ರಾತ್ರಿಯ ತಾಲೀಮು

ಹಿಮಾಚಲದ ಹಂಪ್ತಾ ಪಾಸ್ ದಾಟಿ ಚಂದ್ರತಾಲ್ ಸರೋವರದ ಕಡೆಗೆ, ನಮ್ಮ ಸಾಮಾನನ್ನು ನಾವೇ ಹೊತ್ತು ಜುಲೈ ತಿಂಗಳಲ್ಲಿ ನಡೆಯಬೇಕೆಂದು ನಾನೂ ನನ್ನ ಭಾವಮೈದುನನೂ ನಿಶ್ಚಯಿಸಿದ್ದೆವು. ದಿನಗಟ್ಟಲೆ ಅಂಗಡಿಯೇ ಸಿಗದ ದಾರಿಯಲ್ಲಿ ಸ್ಟೌ ಕೈಕೊಟ್ಟರೆ ಹಸಿ ಅಕ್ಕಿ ಅಗಿಯಬೇಕಾದೀತು ಎಂಬ ಭಯದಿಂದ, ಜನವರಿಯ ಒಂದು ಶನಿವಾರ ಎಲ್ಲ ಸಾಮಾನನ್ನೂ ಬೆನ್ನಿಗೇರಿಸಿ ಕೋಲಾರದ ಬಸ್ಸು ಹತ್ತಿದೆವು. ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ಬೀಳುವ ನೀರನ್ನು ಬಾಟಲಿಗಳಿಗೆ ತುಂಬಿಕೊಂಡು, ಬಂಡೆಗಳ ಸಂದಿಯ ಕಾಲುದಾರಿಯಲ್ಲಿ ಏದುಸಿರು ಬಿಡುತ್ತಾ ತೇರಹಳ್ಳಿ ತಲುಪುವ ಹೊತ್ತಿಗೆ, ಮನೆಯಲ್ಲಿ ಹಗುರವೆನಿಸಿದ್ದ ಹದಿನಾಲ್ಕು ಕಿಲೋ ಹೊರೆಯ ನಿಜವಾದ ತೂಕ ಭುಜಕ್ಕೆ ಗೊತ್ತಾಗಿತ್ತು. ಅನುಮತಿಯಿಲ್ಲದೆ ಕಾಡಿನಲ್ಲಿ ಟೆಂಟು ಹಾಕುವಂತಿಲ್ಲವಾದ್ದರಿಂದ, ಭಾವಮೈದುನನ ದೊಡ್ಡಮ್ಮನ ರಾಗಿ ಹೊಲದ ಅಂಚನ್ನೇ ಆರಿಸಿಕೊಂಡೆವು. ಕೂಗಳತೆಯಲ್ಲಿರುವ ಅವರ ಮನೆಯಿಂದ ಒಂದು ಬೆಂಕಿಕಡ್ಡಿಯನ್ನೂ ತರಬಾರದೆಂಬುದು ನಾವೇ ಹಾಕಿಕೊಂಡ ಕಟ್ಟಳೆ.

ಮೊದಲು ಸೋತದ್ದು ಗೂಟಗಳು. ಒಂದು ಗೇಣು ಮಣ್ಣಿನ ಕೆಳಗೆ ಬರೀ ಬಂಡೆ. ಹೊಡೆದ ಎಂಟು ಅಲ್ಯೂಮಿನಿಯಂ ಗೂಟಗಳಲ್ಲಿ ಮೂರು ಬಾಗಿದವು. ಕಡೆಗೆ ಹಗ್ಗಗಳನ್ನು ದಪ್ಪ ಕಲ್ಲುಗಳಿಗೆ ಸುತ್ತಿ ಬಿಗಿದಾಗ ಟೆಂಟು ನೆಟ್ಟಗೆ ನಿಂತಿತು. ಆದರೆ ಕಂಪನಿ ಕೊಟ್ಟಿದ್ದ ಹಗ್ಗ ಕಲ್ಲಿಗೆ ಸುತ್ತುವಷ್ಟು ಉದ್ದವಿರಲಿಲ್ಲ, ನನ್ನ ಶೂ ಲೇಸನ್ನೂ ಅದಕ್ಕೆ ಗಂಟು ಹಾಕಬೇಕಾಯಿತು. ಹತ್ತು ಮೀಟರ್ ಹೆಚ್ಚುವರಿ ಹಗ್ಗ ಎಂದು ಪುಸ್ತಕದಲ್ಲಿ ಬರೆದುಕೊಂಡೆ.

ಸ್ಟೌ ವಿಷಯದಲ್ಲಿ ಮಾತ್ರ ನಾವು ಸ್ವಲ್ಪ ಅತಿಯಾಗಿಯೇ ಶಿಸ್ತು ತೋರಿಸಿದೆವೆನ್ನಬೇಕು. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಗ್ಯಾಸ್ ಡಬ್ಬಿಯನ್ನು ಪ್ರತಿ ಸಲವೂ ಹಚ್ಚುವ ಮುಂಚೆ ಮತ್ತು ಆರಿಸಿದ ಮೇಲೆ ತೂಗಿದೆವು. ಬಯಲುಗಾಳಿಯಲ್ಲಿ ಒಂದು ಲೀಟರ್ ನೀರು ಕುದಿಯಲು 31 ಗ್ರಾಂ ಗ್ಯಾಸ್ ಹೋದರೆ, ಬಂಡೆಯ ಮರೆಯಲ್ಲಿ ಅದೇ ಕೆಲಸಕ್ಕೆ 14 ಗ್ರಾಂ ಸಾಕಾಯಿತು. ಹಾಗೆಂದು ಸ್ಟೌ ಸುತ್ತ ತಗಡಿನ ಗೋಡೆ ಕಟ್ಟುವಂತಿಲ್ಲ. ನಮ್ಮದರಲ್ಲಿ ಉರಿಯ ನೇರ ಕೆಳಗೇ ಡಬ್ಬಿ ಇರುವುದರಿಂದ, ಸುತ್ತಲೂ ಮುಚ್ಚಿದರೆ ಡಬ್ಬಿಯೇ ಕಾದು ಅಪಾಯ ತಂದೀತು. ಚಳಿಯದು ಬೇರೆ ಲೆಕ್ಕ. ಬರೀ ಬ್ಯೂಟೇನ್ ತುಂಬಿದ ಡಬ್ಬಿ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಪ್ರೋಪೇನ್ ಬೆರೆತದ್ದು ಮಾತ್ರ ಅಲ್ಲಿ ಉರಿಯುತ್ತದೆ. ವಿಮಾನದಲ್ಲಿ ಡಬ್ಬಿ ಒಯ್ಯಲು ಬಿಡುವುದಿಲ್ಲವಾದ್ದರಿಂದ ಮನಾಲಿಯಲ್ಲಿ ಕೊಳ್ಳುವಾಗ ಇದನ್ನು ಕೇಳಿ ನೋಡಬೇಕು.

ರಾತ್ರಿಯ ಊಟಕ್ಕೆ ಅನ್ನ ಮತ್ತು ಬೇಳೆಸಾರು ಎಂದು ಬರೆದುಕೊಂಡಿದ್ದೆವು. ಅನ್ನವೇನೋ ಆಯಿತು. ತೊಗರಿಬೇಳೆ ಮಾತ್ರ ತೆರೆದ ಪಾತ್ರೆಯಲ್ಲಿ ಐವತ್ತು ನಿಮಿಷ ಕುದಿದರೂ ಕಾಳಿಗೆ ಕಾಳು ಬಿಡಿಯಾಗಿಯೇ ಉಳಿದು, ಚಮಚಕ್ಕೆ ಟಕಟಕ ಬಡಿಯುತ್ತಿತ್ತು. ಕೋಲಾರದ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ. 4,200 ಮೀಟರ್ ಮೇಲಿರುವ ಚಂದ್ರತಾಲ್‌ನಲ್ಲಿ 86ರ ಆಸುಪಾಸಿನಲ್ಲೇ ಕುದಿದು, ಅದರ ಮೇಲೆ ಎಷ್ಟು ಉರಿ ಕೊಟ್ಟರೂ ಬಿಸಿ ಏರುವುದಿಲ್ಲ. ಇಲ್ಲೇ ಬೇಯದ ಬೇಳೆ ಅಲ್ಲಿ ಬೆಂದೀತೇ? ಅಷ್ಟರಲ್ಲಿ ದೊಡ್ಡಮ್ಮ ಟಾರ್ಚ್ ಹಿಡಿದು, ಹಿತಕವರೆಬೇಳೆ ಸಾರಿನ ಪಾತ್ರೆಯೊಂದಿಗೆ ಹೊಲಕ್ಕೇ ಬಂದರು. “ಮನೆ ಇಲ್ಲೇ ಇರುವಾಗ ಈ ಬಟ್ಟೆ ಗೂಡಲ್ಲಿ ಯಾಕಪ್ಪಾ ಒದ್ದಾಡ್ತೀರಾ?” ಅವರೆಯ ಸೊಗಡಿಗೆ ನಮ್ಮ ಕಟ್ಟಳೆ ಆ ರಾತ್ರಿಯೇ ಮುರಿಯಿತು, ಅದನ್ನೂ ಪ್ರಾಮಾಣಿಕವಾಗಿ ಪುಸ್ತಕದಲ್ಲಿ ನಮೂದಿಸಿದ್ದೇನೆ.

ಬೆಳಗಿನ ಜಾವ ಹದಿಮೂರು ಡಿಗ್ರಿ ಇತ್ತು. ಈ ಚಳಿಯಲ್ಲಿ ಸ್ಲೀಪಿಂಗ್ ಬ್ಯಾಗಿನ ತಾಕತ್ತು ತಿಳಿಯುವುದು ಸಾಧ್ಯವಿಲ್ಲ, ಆದರೆ ಅದರ ಜಿಪ್ಪು ಒಳಬಟ್ಟೆಗೆ ಕಚ್ಚಿಕೊಳ್ಳುತ್ತದೆಂಬುದು ಮಾತ್ರ ಚೆನ್ನಾಗಿ ತಿಳಿಯಿತು. ಮಳೆಯಿಲ್ಲದೆಯೂ ಕಾಲಿನ ಕಡೆ ಬ್ಯಾಗು ತೇವವಾಗಿತ್ತು. ಟಾರ್ಚ್ ಬಿಟ್ಟು ನೋಡಿದರೆ ಟೆಂಟಿನ ಒಳಗೋಡೆಯ ತುಂಬ ಹನಿಗಳು; ಚಳಿಗೆ ಹೆದರಿ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿ ಮಲಗಿದ್ದರಿಂದ ನಮ್ಮ ಉಸಿರಿನ ಆವಿಯೇ ನೀರಾಗಿ ಇಳಿದಿತ್ತು. ಎರಡನೆಯ ರಾತ್ರಿ ಎರಡೂ ಕಿಂಡಿಗಳನ್ನು ತೆರೆದಿಟ್ಟು ಮಲಗಿದೆವು. ಮೂಗು ತಣ್ಣಗಾಯಿತು, ಬ್ಯಾಗು ಒಣಗಿಯೇ ಇತ್ತು.

ಭಾನುವಾರ ಪೂರ್ತಿ ತಿಂಡಿಗಳ ಸರದಿ. ಮನೆಯಲ್ಲೇ ಒಗ್ಗರಣೆ ಹಾಕಿ ಹುರಿದು ತಂದ ರವೆಗೆ ಕುದಿನೀರು ಹೊಯ್ದು, ಟವೆಲ್ಲಿನಲ್ಲಿ ಸುತ್ತಿ ಹತ್ತು ನಿಮಿಷ ಬಿಟ್ಟರೆ ಉಪ್ಪಿಟ್ಟು ಒಪ್ಪವಾಗಿಯೇ ಆಯಿತು. ಪೊಟ್ಟಣದ ರೆಡಿ ಊಟ ಬಾಯಿಗಿಡುವಂತಿರಲಿಲ್ಲ. ಎಲ್ಲಕ್ಕಿಂತ ಗೆದ್ದದ್ದು ರಾಗಿ ಹುರಿಹಿಟ್ಟು: ರಾಗಿಯನ್ನು ಅರಳಿಸಿಯೇ ಬೀಸಿರುವುದರಿಂದ ಮತ್ತೆ ಬೇಯಿಸುವ ಗೊಡವೆಯಿಲ್ಲ, ತಣ್ಣೀರಿಗೆ ಬೆಲ್ಲ ಕದಡಿ ಹಿಟ್ಟು ಕಲಸಿದರೆ ಮುಗಿಯಿತು, ಗ್ಯಾಸಿನ ಖರ್ಚು ಸೊನ್ನೆ. ಸಾವಿರ ರೂಪಾಯಿಗಳ ಪೊಟ್ಟಣಗಳಿಗಿಂತ ಇದೇ ಮೇಲೆಂದು ಒಪ್ಪಿಕೊಳ್ಳಲು ಭಾವಮೈದುನನಿಗೆ ಮಧ್ಯಾಹ್ನದವರೆಗೆ ಸಮಯ ಹಿಡಿಯಿತು.

ಸೋಮವಾರ ಇಳಿಯುವ ಮುನ್ನ ಟೆಂಟನ್ನು ಕಣದಲ್ಲಿ ಹರವಿ ಒಣಗಿಸಿದೆವು. ಉಳಿದಿದ್ದ ಒಂದು ಕಿಲೋ ತೊಗರಿಬೇಳೆಯನ್ನು ಕೊಟ್ಟಾಗ ದೊಡ್ಡಮ್ಮ ಎರಡು ಕಿಲೋ ಹುರಿಹಿಟ್ಟನ್ನು ಬಟ್ಟೆಯಲ್ಲಿ ಕಟ್ಟಿ ಕೈಗಿತ್ತು, ಬೇಳೆಯ ಚೀಲವನ್ನು ಒಮ್ಮೆ ಅಲುಗಿಸಿ ನೋಡಿ, “ನಮ್ಮ ಕುಕ್ಕರಲ್ಲಿ ಮೂರು ವಿಷಲ್ಲಿಗೆ ಬೇಯುತ್ತೆ ಬಿಡ್ರಪ್ಪಾ” ಎಂದರು.