ಮೊದಲು ಶಟಲ್, ಆಮೇಲೆ ನಂಬರು, ಕೊನೆಗೆ ಹೆಸರು

15 ಜೂನ್ 2025, ಭಾನುವಾರ

ಬೆಳಿಗ್ಗೆ ನಾದಿನಿಯನ್ನು ಕರೆದುಕೊಂಡು ಚಿಕ್ಕಪೇಟೆ ಕಡೆಯ ಸಂಡೇ ಬಜಾರಿಗೆ ಹೋಗಿದ್ದೆ. ಅವಳು ಈಗಷ್ಟೇ ಬ್ಲೌಸ್ ಹೊಲಿಯುವುದು ಕಲಿತಿದ್ದಾಳೆ. ಹೊಸ ಮಿಷನ್ ಬೇಡ, ಹಳೆಯ ಕಬ್ಬಿಣದ್ದೇ ಬೇಕು ಅಂತ ಹಟ. ನನಗೂ ಅದೇ ಸರಿ ಅನ್ನಿಸುತ್ತದೆ. ಹಳೆ ಮಿಷನ್ ಕೆಟ್ಟರೆ ಬಿಚ್ಚಬಹುದು, ನೋಡಬಹುದು, ಸರಿ ಮಾಡಬಹುದು. ಒಳಗೆ ಮುಚ್ಚಿಟ್ಟದ್ದು ಏನೂ ಇಲ್ಲ.

ಈ ಬಜಾರಿಗೆ ತಡವಾಗಿ ಹೋಗಿ ಪ್ರಯೋಜನವಿಲ್ಲ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಬೇಕು. ರಾತ್ರಿ ಮಳೆ ಬಂದು ರಸ್ತೆ ಒದ್ದೆಯಾಗಿತ್ತು. ಟಾರ್ಪಾಲಿನ ಮೇಲೆ ಮಿಕ್ಸಿ ಜಾರು, ರೇಡಿಯೋ, ನಲ್ಲಿ, ಗಡಿಯಾರ, ನಡುವೆ ಅಲ್ಲೊಂದು ಇಲ್ಲೊಂದು ಹೊಲಿಗೆ ಮಿಷನ್.

ಮೊದಲು ಸಿಕ್ಕಿದ್ದು ಒಂದು ಚಿಕ್ಕ ಕೈ ಮಿಷನ್. ಕಪ್ಪು ಮೈ, ಬಂಗಾರದ ಬಣ್ಣದ ಬಳ್ಳಿ, ದೊಡ್ಡಕ್ಷರದಲ್ಲಿ ಸಿಂಗರ್.

"ಒರಿಜಿನಲ್ ಸಿಂಗರ್ ಅಕ್ಕ, ನೂರು ವರ್ಷದ ಮಾಲು. ಹದಿನೈದು ಸಾವಿರ ಕೊಡಿ."

"ಒಂದ್ನಿಮಿಷ ಅಣ್ಣ, ಒಳಗೆ ನೋಡ್ತೀನಿ."

ನಾದಿನಿ ಆಗಲೇ ಮನಸೋತಿದ್ದಳು. "ಅತ್ತಿಗೆ, ಎಷ್ಟು ಚೆನ್ನಾಗಿದೆ ನೋಡಿ, ಇದನ್ನೇ ತಗೊಳ್ಳೋಣ್ವಾ?" ಅಂದಳು. ನಾನು ಸೂಜಿಯ ಹತ್ತಿರದ ಜಾರು ತಗಡನ್ನು ಸರಿಸಿದೆ. ಒಳಗೆ ಕೆಳದಾರವನ್ನು ಒಯ್ಯುವ, ಪುಟ್ಟ ದೋಣಿಯ ಹಾಗಿರುವ ಉದ್ದನೆಯ ಶಟಲ್. ಅದರೊಳಗೆ ಆ ದಾರ ಸುತ್ತಿಡುವ, ಕಡ್ಡಿಯಂಥ ತೆಳ್ಳನೆಯ ಬಾಬಿನ್. ಚಕ್ರ ತಿರುಗಿಸಿದರೆ ಶಟಲ್ ಹಿಂದೆ ಮುಂದೆ ತೂಗುತ್ತದೆ. ಇದು ಸಿಂಗರ್‌ನ 27 ಮತ್ತು 28 ಮಾದರಿಗಳ ಗುರುತು. 27 ಪೂರ್ತಿ ಅಳತೆಯದ್ದು, 28 ಅದರದೇ ಚಿಕ್ಕ ರೂಪ. ಹೊಲಿಗೆ ನೇರವಾಗಿ, ಬಹಳ ಅಂದವಾಗಿ ಬರುತ್ತದೆ. ಆದರೆ ಹಿಂದಕ್ಕೆ ಹೊಲಿಯುವುದಿಲ್ಲ. ಶಟಲ್ ಕಳೆದುಹೋದರೆ ಪಕ್ಕದ ಅಂಗಡಿಗೆ ಹೋಗಿ ಇನ್ನೊಂದು ತರುವ ಹಾಗಿಲ್ಲ. ಎಲ್ಲಿಂದಲೋ ಹುಡುಕಿ ತರಿಸಬೇಕು. ದಿನಾ ಬ್ಲೌಸ್ ಹೊಲಿಯುವವಳಿಗೆ ಇದು ಆಗುವುದಿಲ್ಲ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಮೊದಲು ಶಟಲ್ ನೋಡಿ. ಮೇಲಿನ ಹೆಸರನ್ನು ಯಾರು ಬೇಕಾದರೂ ಅಂಟಿಸಬಹುದು. ತಗಡಿನ ಕೆಳಗೆ ಇರುವುದನ್ನು ಬದಲಾಯಿಸುವುದಕ್ಕೆ ಆಗುವುದಿಲ್ಲ.

ನೂರು ವರ್ಷ ಅಂದಿದ್ದು ಮಾತ್ರ ಹೆಚ್ಚುಕಡಿಮೆ ನಿಜವೇ. ಸಿಂಗರ್ ಮಿಷನ್ನಿನ ನಂಬರು ಬಲಗಡೆ, ಚಕ್ರವಿರುವ ಕಂಬದ ಬುಡದ ಹತ್ತಿರ, ಕೆಳಗಿನ ಸಪಾಟು ಹಾಸಿನ ಮೇಲೆ ಕೊರೆದಿರುತ್ತದೆ. ಕೊಳೆ ಕೂತು ಕಾಣದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮೊಬೈಲಿನ ಟಾರ್ಚ್ ಅಡ್ಡ ಹಿಡಿಯಬೇಕು. ನಂಬರಿನ ಮುಂದೆ ಅಕ್ಷರವೇ ಇಲ್ಲದಿದ್ದರೆ 1900ಕ್ಕಿಂತ ಹಿಂದಿನದು. ಈ ಮಿಷನ್ನಿಗೆ ವೈ ಅಕ್ಷರವಿತ್ತು. ಅಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆ, 1920ರ ದಶಕ ಅಥವಾ 30ರ ದಶಕದ ಮೊದಲ ಭಾಗ. ಇಎಫ್, ಇಜಿ, ಇಎಚ್ ಅಂತ ಎರಡಕ್ಷರ ಇದ್ದರೆ ಅದೇ ಕಾರ್ಖಾನೆಯ 1950ರ ಆಸುಪಾಸಿನವು. ಜಿ ಅಥವಾ ಎಎ ಇದ್ದರೆ ಅಮೆರಿಕದ ನ್ಯೂಜೆರ್ಸಿಯ ಎಲಿಜಬೆತ್‌ನಲ್ಲಿ ಆಗಿದ್ದು. ಒಂದು ಮಾತು ನೆನಪಿರಲಿ, ಈ ಲೆಕ್ಕದಲ್ಲಿ ಸಿಗುವುದು ಆ ನಂಬರುಗಳನ್ನು ಕಾರ್ಖಾನೆಯಲ್ಲಿ ಹಂಚಿದ ಕಾಲ. ಮಿಷನ್ ಅಂಗಡಿಗೆ ಬಂದದ್ದು, ಮನೆ ಸೇರಿದ್ದು ಅದಾದ ಮೇಲೆ.

ನಮ್ಮ ಕಡೆ ಕಾಣುವ ಹಳೆ ಸಿಂಗರ್‌ಗಳಲ್ಲಿ ಜಾಸ್ತಿ ಪಾಲು ಕ್ಲೈಡ್‌ಬ್ಯಾಂಕಿನವೇ. ಮಾದರಿಯ ಸಂಖ್ಯೆಯ ಜೊತೆ ಬರುವ ಕೆ ಅಕ್ಷರ, 15ಕೆ, 28ಕೆ, 66ಕೆ ಅನ್ನುವಾಗಿನ ಆ ಕೆ, ಕಾರ್ಖಾನೆಯಿದ್ದ ಕಿಲ್ಬೋವಿ ಅನ್ನುವ ಜಾಗದ್ದು. 1885ರಲ್ಲಿ ಶುರುವಾದ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಅಲ್ಲಿನ ರೈಲು ನಿಲ್ದಾಣಕ್ಕೆ ಇವತ್ತಿಗೂ ಸಿಂಗರ್ ಅಂತಲೇ ಹೆಸರು. ಆ ಊರಿನ ಜನ ಮಾಡಿದ ಕಬ್ಬಿಣ ನಮ್ಮ ಅಜ್ಜಿಯರ ಮನೆಯ ಪಡಸಾಲೆಯಲ್ಲಿ ಕೂತು ಲಂಗ, ಚಡ್ಡಿ, ದಿಂಬಿನ ಚೀಲ ಹೊಲಿಯಿತಲ್ಲ ಅಂತ ನೆನೆದರೆ ಆ ಊರನ್ನೊಮ್ಮೆ ನೋಡಬೇಕು ಅನ್ನಿಸುತ್ತದೆ.

ಮುಂದಿನ ಅಂಗಡಿಯವನು ಇನ್ನೂ ಹಳೆಯದು ತೋರಿಸ್ತೀನಿ ಅಂದ. "ಇದು 1851ರದ್ದು ಅಕ್ಕ, ಇಲ್ಲೇ ಬರೆದಿದೆ." ಬರೆದಿದ್ದು ನಿಜ. ಕಂಬದ ಮೇಲಿನ ಹಿತ್ತಾಳೆ ಬಿಲ್ಲೆಗೆ ನೀಲಿ ಅಂಚು, ಅದರಲ್ಲಿ 1851–1951. ಇದು ಸಿಂಗರ್ ಕಂಪನಿಗೆ ನೂರು ತುಂಬಿದಾಗ ಹಾಕಿದ ಬಿಲ್ಲೆ. ನಂಬರೂ ಇಎಚ್. 1951ರ ಸುಮಾರಿನ ಮಿಷನ್. ನಾನು ನಂಬರು ತೋರಿಸಿ ವಿವರಿಸಿದಾಗ ಅವನು ಆಸಕ್ತಿಯಿಂದಲೇ ಕೇಳಿದ, ಇನ್ನೊಂದು ಮಿಷನ್ ತೆಗೆದು ಅದರ ನಂಬರನ್ನೂ ಓದಿಸಿಕೊಂಡ. ಈ ನೀಲಿ ಬಿಲ್ಲೆ ಇದೆ ಅಂತ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಆ ವರ್ಷ ಇಂಥವು ಲೆಕ್ಕವಿಲ್ಲದಷ್ಟು ಬಂದಿವೆ.

ಆ ಮಿಷನ್ 66ಕೆ. ಇದರಲ್ಲಿ ಬಾಬಿನ್ ಅನ್ನು ಮೇಲಿನಿಂದ ಮಲಗಿಸಿ ಇಡುತ್ತಾರೆ. ತಗಡು ತೆಗೆದು ನೋಡಿದರೆ ಯಾರೋ 15 ಮಾದರಿಯ ಬಾಬಿನ್ ತುರುಕಿದ್ದಾರೆ. ಎರಡೂ ಅಳತೆಯಲ್ಲಿ ಹತ್ತಿರ ಹತ್ತಿರ. ಆದರೆ 15ರದ್ದು ಎರಡೂ ಕಡೆ ಸಪಾಟು, 66ರದ್ದು ಎರಡೂ ಕಡೆ ಸ್ವಲ್ಪ ಉಬ್ಬು. ಬೆರಳಾಡಿಸಿದರೆ ಗೊತ್ತಾಗುತ್ತದೆ. ತಪ್ಪು ಬಾಬಿನ್ ಹಾಕಿ ಹೊಲಿದರೆ ಕೆಳದಾರ ಗಂಟಾಗುತ್ತದೆ. "ಮಿಷನ್ ಕೆಟ್ಟಿದೆ" ಅಂತ ಗುಜರಿಗೆ ಹಾಕಿದ ಎಷ್ಟೋ ಮಿಷನ್‌ಗಳಿಗೆ ಇಷ್ಟೇ ರೋಗ ಇರುತ್ತದೆ.

"ಸ್ಟ್ಯಾಂಡ್ ಎಲ್ಲಿ ಅಣ್ಣ?" ಅಂತ ಕೇಳಿದೆ. "ಅದು ಹೋಯ್ತು ಅಕ್ಕ. ಟೇಬಲ್ ಮಾಡ್ಸೋಕೆ ಹೋಟ್ಲೋರು ತಗೊಂಡ್ರು." ನನಗೆ ಸಂಕಟವಾಯಿತು. ಎರಕದ ಕಬ್ಬಿಣದ ಆ ಕಾಲುಗಳು, ಪೆಡಲಿನ ನಡುವೆ ಹೆಸರು ಬರೆದ ಆ ಜಾಲರಿ, ನೋಡುವುದಕ್ಕೆ ಚೆಂದ, ನಿಜ. ಆದರೆ ಅದರ ಮೇಲೆ ಕಲ್ಲು ಹಾಸಿ ಕಾಫಿ ಲೋಟ ಇಟ್ಟ ಮೇಲೆ ಹೆಡ್ಡು, ಅಂದರೆ ಹೊಲಿಯುವ ಮೇಲ್ಭಾಗ, ರಸ್ತೆ ಪಾಲು. ಕರೆಂಟೇ ಬೇಡದ, ನಾಳೆಯೂ ಹೊಲಿಯಬಲ್ಲ ಮಿಷನ್ ಅದು! ಯಂತ್ರಗಳನ್ನು ಅಷ್ಟು ವಿರೋಧಿಸಿದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಮಿಷನ್ನಿಗೆ ವಿನಾಯಿತಿ ಕೊಟ್ಟಿದ್ದರು. ಹಳೆ ಸ್ಟ್ಯಾಂಡ್ ಇಷ್ಟಪಡುವವರು ದಯವಿಟ್ಟು ಹೆಡ್ಡಿನ ಸಮೇತ ತಗೊಳ್ಳಿ, ಇಲ್ಲವೇ ಹೆಡ್ಡನ್ನು ಹೊಲಿಯುವವರ ಕೈಗೆ ಕೊಡಿ.

ಅಲ್ಲಿಯೇ ನಿಂತಿದ್ದ ಒಬ್ಬರು ಮೆಲ್ಲಗೆ ಕೇಳಿದರು, "ಹಳೆ ಸಿಂಗರ್ ಒಳಗೆ ಕೆಂಪು ಪಾದರಸ ಇರುತ್ತಂತೆ, ಹೌದಾ?" ಇಲ್ಲ. ಕೆಂಪು ಪಾದರಸ ಅನ್ನುವುದು ಭಾರೀ ಬೆಲೆ ಬಾಳುತ್ತದೆ ಅಂತ ಜನ ನಂಬುವ ಕಟ್ಟುಕತೆಯ ವಸ್ತು. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಈ ಸುಳ್ಳು ಸುದ್ದಿ ಹಬ್ಬಿ ಜನ ಹಳೆ ಮಿಷನ್‌ಗಳಿಗೆ ಹುಚ್ಚು ಬೆಲೆ ಕೊಟ್ಟರು. ಮಿಷನ್ ಹತ್ತಿರ ಮೊಬೈಲ್ ಹಿಡಿದು ಪಾದರಸ ಇದೆಯಾ ಅಂತ ಪರೀಕ್ಷೆ ಬೇರೆ. ಹೊಲಿಗೆ ಮಿಷನ್ನಿನಲ್ಲಿ ಪಾದರಸಕ್ಕೆ ಕೆಲಸವೇ ಇಲ್ಲ. ಅದರಲ್ಲಿರುವುದು ಕಬ್ಬಿಣ, ಉಕ್ಕು, ಎಣ್ಣೆ. ಯಾರಾದರೂ ಲಕ್ಷದ ಮಾತಾಡಿದರೆ ಸುಮ್ನೆ ಮುಂದೆ ಹೋಗಿ.

ಮೂರನೆಯದೊಂದು ಫಳಫಳ ಹೊಳೆಯುತ್ತಿತ್ತು. ಸಿಂಗರ್ ಅಂತ ಸ್ಟಿಕ್ಕರ್ ಇದೆ, ಹಿತ್ತಾಳೆ ಬಿಲ್ಲೆ ಇಲ್ಲ, ನಂಬರಿನ ಜಾಗ ಖಾಲಿ. ಹಿಂದಕ್ಕೆ ಬಾಗಿಸಿ ಕೆಳಗೆ ನೋಡಿದರೆ ಎರಕ ಒರಟು. ನಮ್ಮ ದೇಶದಲ್ಲೇ ಮಾಡಿದ್ದಕ್ಕೆ ಹೊಸ ಬಣ್ಣ ಬಳಿದು ಹೆಸರು ಅಂಟಿಸಿದ್ದಾರೆ. ಮಿಷನ್ ಕೆಟ್ಟದ್ದು ಅಂತಲ್ಲ. ಲುಧಿಯಾನಾದ ಸಣ್ಣ ಕಾರ್ಖಾನೆಗಳ ಮಿಷನ್‌ಗಳು ನಮ್ಮ ಎಷ್ಟು ಟೈಲರ್‌ಗಳ ಮನೆ ನಡೆಸಿಲ್ಲ! ಅದನ್ನು ಅದರದೇ ಹೆಸರಿನಲ್ಲಿ, ಅದರದೇ ಬೆಲೆಗೆ ಮಾರಬೇಕು, ಅಷ್ಟೇ.

ಕೊನೆಗೆ ಮನಸ್ಸಿಗೆ ಬಂದದ್ದು ಮೂಲೆಯಲ್ಲಿದ್ದ ಒಂದು ಹಳೆಯ ಉಷಾ, ಸ್ಟ್ಯಾಂಡಿನ ಸಮೇತ. ಕಲ್ಕತ್ತಾದ ಜಯ್ ಎಂಜಿನಿಯರಿಂಗ್ ವರ್ಕ್ಸ್‌ನವರ ಮಾಲು. ಸಿಂಗರ್ ಬಿಟ್ಟರೆ ಬೇರೆ ಇಲ್ಲ ಅನ್ನುವ ಕಾಲದಲ್ಲಿ, 1930ರ ದಶಕದಲ್ಲಿ, ನಮ್ಮಲ್ಲೇ ಹೊಲಿಗೆ ಮಿಷನ್ ಮಾಡಿ ತೋರಿಸಿದವರು. ಎಡಗಡೆಯ ತಗಡು ಸರಿಸಿದರೆ ಬಾಬಿನ್ ಕೇಸ್ ನೆಟ್ಟಗೆ ನಿಂತಿದೆ, ಕೊಂಡಿ ಎಳೆದರೆ ಕೈಗೆ ಬರುತ್ತದೆ. ಸಿಂಗರ್ 15ರ ಮಾದರಿ ಇದೇ. ನಮ್ಮ ದೇಶದ ಕಪ್ಪು ಮಿಷನ್‌ಗಳಲ್ಲಿ ಹೆಚ್ಚಿನವು ಇದೇ ಕಟ್ಟಿನವು. ಹಾಗಾಗಿ ಸೂಜಿ, ಬಾಬಿನ್, ಕೇಸ್, ಸ್ಪ್ರಿಂಗ್ ಯಾವ ಊರಿನ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲೂ ಸಿಗುತ್ತವೆ.

ಚಕ್ರವನ್ನು ನನ್ನ ಕಡೆಗೆ ನಿಧಾನವಾಗಿ ತಿರುಗಿಸಿದೆ. ಬಿಗಿ ಇತ್ತು, ಆದರೆ ತಿರುಗಿತು. ಸೂಜಿ ಕಂಬಿಯನ್ನು ಹಿಡಿದು ಅಲ್ಲಾಡಿಸಿದೆ, ಸಡಿಲವಿಲ್ಲ. ಪಾದದ ಕೆಳಗಿನ ಹಲ್ಲುಗಳು ಬೆರಳಿಗೆ ಚುಚ್ಚಿದವು, ಸವೆದಿಲ್ಲ. ಹೊರಗೆ ಅಲ್ಲಲ್ಲಿ ತುಕ್ಕು, ಬೆಲ್ಟ್ ತುಂಡಾಗಿದೆ. ಇವೆರಡಕ್ಕೂ ಹೆದರಬೇಕಾಗಿಲ್ಲ. ಆರೂವರೆ ಸಾವಿರ ಹೇಳಿದ. ನಾದಿನಿಯೇ ಚೌಕಾಸಿಗೆ ನಿಂತು ನಾಲ್ಕು ಸಾವಿರದ ಇನ್ನೂರಕ್ಕೆ ಮುಗಿಸಿದಳು. ಆಟೋದಲ್ಲಿ ಹೆಡ್ಡು ನಮ್ಮ ಕಾಲ ಹತ್ತಿರ, ಸ್ಟ್ಯಾಂಡು ಹಿಂದೆ ಗೂಡ್ಸ್ ಗಾಡಿಯಲ್ಲಿ.

17 ಜೂನ್, ಮಂಗಳವಾರ

ನಾದಿನಿಯ ಮನೆಯಲ್ಲಿ ಮಿಷನ್ ಬಿಚ್ಚಿ ಕೂತೆವು. ಹಿಂದಿನವರು ಕೊಬ್ಬರಿ ಎಣ್ಣೆ ಬಿಟ್ಟಿರಬೇಕು. ಅದು ಒಣಗಿ ಹಳದಿ ಪೊರೆಯಾಗಿ ಕೂತಿತ್ತು. ಅಡುಗೆ ಎಣ್ಣೆ, ತಲೆಗೆ ಹಚ್ಚುವ ಎಣ್ಣೆ ಯಾವುದನ್ನೂ ಮಿಷನ್ನಿಗೆ ಬಿಡಬಾರದು. ಸೀಮೆಎಣ್ಣೆ ಹನಿ ಹನಿ ಬಿಟ್ಟು, ಸ್ವಲ್ಪ ಹೊತ್ತು ಬಿಟ್ಟು ತಿರುಗಿಸಿ, ಒರೆಸಿ, ಆಮೇಲೆ ಪ್ರತಿ ತೂತಿಗೂ ಮಿಷನ್ ಎಣ್ಣೆ ಹಾಕಿದೆವು. ಮೊದಲು ಬಂದ ಎಣ್ಣೆ ಕಪ್ಪಾಗಿತ್ತು, ಬರಬರುತ್ತಾ ತಿಳಿಯಾಯಿತು. ಹೊರಮೈಯನ್ನು ಸ್ಪಿರಿಟ್‌ನಲ್ಲಿ ಒರೆಸಲು ಹೊರಟಿದ್ದವಳನ್ನು ತಡೆದೆ. ಹಳೆ ಮಿಷನ್‌ಗಳಲ್ಲಿ ಬಂಗಾರದ ಚಿತ್ತಾರದ ಮೇಲೆ ಅರಗಿನ ಮೆರುಗು ಇರುವುದುಂಟು, ಸ್ಪಿರಿಟ್ ಅದನ್ನು ಕರಗಿಸುತ್ತದೆ. ಎಣ್ಣೆ ಬಟ್ಟೆ ಸಾಕು.

ಬಾಬಿನ್ ಕೇಸ್ ಕೂರುವ ಜಾಗದಲ್ಲಿ ಕೆಂಪು ದಾರದ ತುಂಡು ಸಿಕ್ಕಿಕೊಂಡಿತ್ತು. ಚಕ್ರದ ಬಿಗಿ ಅರ್ಧ ಅದರದೇ. ಹೊಸ ಸೂಜಿ, ಹೊಸ ಚರ್ಮದ ಬೆಲ್ಟ್ ಹಾಕಿ ಕಾಟನ್ ತುಂಡಿನ ಮೇಲೆ ಓಡಿಸಿದಾಗ ಎರಡು ಕಡೆಯೂ ಒಂದೇ ಸಮ ಹೊಲಿಗೆ. ಅವಳು ಅಲ್ಲೇ ಲೈನಿಂಗ್ ಬಟ್ಟೆ ತೆಗೆದು ಕತ್ತರಿಸಲು ಕೂತಳು.

ಹಳೆ ಮಿಷನ್ ಮಾರಾಟಕ್ಕೆ ಹಾಕುವವರಿಗೆ ಒಂದು ಕೇಳಿಕೆ. ದೂರದಿಂದ ತೆಗೆದ ಒಂದೇ ಫೋಟೋ ಹಾಕಿ "ಆ್ಯಂಟಿಕ್" ಅಂತ ಬರೆಯಬೇಡಿ. ಕಂಬದ ಬಿಲ್ಲೆ, ಕೊರೆದ ನಂಬರು, ತಗಡು ಸರಿಸಿದ ಶಟಲ್, ಬಾಗಿಸಿದ ಕೆಳಭಾಗ, ಇಷ್ಟರ ಫೋಟೋ ಹಾಕಿ. ಜೊತೆಗೆ ಚಕ್ರ ತಿರುಗುತ್ತದೋ ಇಲ್ಲವೋ ಅಂತ ಒಂದು ಸಾಲು ಬರೆಯಿರಿ. ಹೊಲಿಯುವವರು ಹುಡುಕುತ್ತಿರುವುದು ಅದನ್ನೇ.